ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಮನೆಯ ಊಟ ಸುಧಾರಿಸುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮೈಸೂರಿನಲ್ಲಿರುವ ತಂದೆ ತಾಯಿಯ ಮನೆಗೆ ತಿಂಗಳ ದಿನಸಿಯನ್ನು ಆ್ಯಪ್ ಮೂಲಕ ನಾನೇ ತರಿಸಿಕೊಡುತ್ತೇನೆ. ತಂದೆಯವರಿಗೆ 68 ವರ್ಷ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ತಾಯಿಗೆ ಶುಗರ್ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದ್ದಾರೆ. ಈಚೆಗೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಅಂಕ ಕೊಡುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಅದು ತುಪ್ಪಕ್ಕೆ ಕೆಂಪು ಬಣ್ಣ ತೋರಿಸಿತು, ಸಕ್ಕರೆ ಇಲ್ಲದ ಬಿಸ್ಕತ್ತಿಗೆ ಹಸಿರು ತೋರಿಸಿತು. ಮಾಮೂಲಿ ಉಪ್ಪಿನ ಬದಲು ಕಡಿಮೆ ಸೋಡಿಯಂ ಉಪ್ಪು ಕೊಳ್ಳಿ ಎಂದೂ ಸೂಚಿಸಿತು. ಇಂಥ ಆ್ಯಪ್‌ಗಳನ್ನು ನಂಬಬಹುದೇ? ಇವುಗಳಿಂದ ನಾವು ಕೊಳ್ಳುವ ರೀತಿ ನಿಜವಾಗಿ ಬದಲಾಗುತ್ತದೆಯೇ? ಆ ಉಪ್ಪನ್ನು ತರಿಸಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಆ ಉಪ್ಪನ್ನು ಸದ್ಯಕ್ಕೆ ತರಿಸಬೇಡಿ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗವನ್ನು ತೆಗೆದು, ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಮೂತ್ರಪಿಂಡಗಳು ಚೆನ್ನಾಗಿ ಕೆಲಸ ಮಾಡುತ್ತಿರುವವರಿಗೆ ಇದು ಒಳ್ಳೆಯ ಬದಲಾವಣೆಯೇ ಸರಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಒಳಗೊಂಡು ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ 14% ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಇಂಥ ಉಪ್ಪಿನ ಪರವಾಗಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಗರ್ಭಿಣಿಯರು, ಮಕ್ಕಳು ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುತ್ತವೆ. ಅದರ ಮೇಲೆ ಉಪ್ಪಿನಿಂದಲೂ ಪೊಟ್ಯಾಸಿಯಂ ಸೇರಿ ರಕ್ತದಲ್ಲಿ ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುವ ಅಪಾಯವಿದೆ. ತಂದೆಯವರ ಮಾತ್ರೆಯ ಹೆಸರನ್ನು ಬರೆದುಕೊಂಡು, ಕ್ರಿಯಾಟಿನಿನ್ (ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಅಂಶ) ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ಅವರ ವೈದ್ಯರನ್ನು ಕೇಳಿದ ಮೇಲೆಯೇ ಈ ಉಪ್ಪಿನ ವಿಷಯವನ್ನು ತೀರ್ಮಾನಿಸಿ.

ಆ್ಯಪ್ ಹೇಳಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಪೊಟ್ಟಣ ಗೊತ್ತು, ಆ ಪೊಟ್ಟಣವನ್ನು ಒಡೆದು ಉಣ್ಣುವವರು ಯಾರೆಂದು ಗೊತ್ತಿಲ್ಲ. ನಿಮ್ಮ ಉಳಿದ ಎರಡು ಪ್ರಶ್ನೆಗಳಿಗೂ ಉತ್ತರ ಇಲ್ಲಿಂದಲೇ ತೆರೆದುಕೊಳ್ಳುತ್ತದೆ.

ಬಾರ್‌ಕೋಡಿನೊಳಗೆ ಆಹಾರದ ವಿವರಗಳು ಅಡಗಿವೆ ಎಂದು ಅನೇಕರು ತಿಳಿದಿದ್ದಾರೆ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಬಾರಿಗೆ ಸ್ಕ್ಯಾನ್ ಆದಂದಿನಿಂದ ಇಂದಿನವರೆಗೂ ಆ ಗೆರೆಗಳು ಹೇಳುವುದು ಒಂದು ಸಂಖ್ಯೆಯನ್ನು ಮಾತ್ರ. ನಮ್ಮ ದೇಶದಲ್ಲಿ ನೋಂದಾಯಿಸಿದ ಸಂಖ್ಯೆ 890ರಿಂದ ಆರಂಭವಾಗಿ ಹದಿಮೂರು ಅಂಕಿಗಳವರೆಗೆ ಹೋಗುತ್ತದೆ. ನಿಮ್ಮ ಫೋನು ಆ ಸಂಖ್ಯೆಯನ್ನು ಓದಿ, ಎಲ್ಲೋ ಇರುವ ದತ್ತಾಂಶದ ಕೋಶದಲ್ಲಿ ಅದರ ಮುಂದೆ ಯಾರು ಏನು ತುಂಬಿದ್ದಾರೋ ಅದನ್ನು ತೋರಿಸುತ್ತದೆ. 2012ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಓಪನ್ ಫುಡ್ ಫ್ಯಾಕ್ಟ್ಸ್ ಇಂಥದೊಂದು ಕೋಶ. ಸ್ವಯಂಸೇವಕರು ಪೊಟ್ಟಣದ ಫೋಟೊ ತೆಗೆದು ಅದಕ್ಕೆ ವಿವರ ಸೇರಿಸುತ್ತಾರೆ. ಅದು ನಿಜಕ್ಕೂ ದೊಡ್ಡ ಸೇವೆ. ಆದರೆ ಕಂಪನಿಯವರು ಪದಾರ್ಥದ ಅಳತೆ ಬದಲಿಸಿದಾಗ ಕೋಶದಲ್ಲಿ ಹಳೆಯ ಅಂಕಿಯೇ ಉಳಿದಿರುವುದು ಉಂಟು. ಆದ್ದರಿಂದ ಬಣ್ಣವನ್ನು ನಂಬುವ ಮೊದಲು ಕೈಯಲ್ಲಿರುವ ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಬೇಕು.

ಇನ್ನು ಅಂಕದ ಮಾತು. ಅಂಕವೂ ಒಂದು ಅಡುಗೆಯೇ. ಯಾವುದನ್ನು ಎಷ್ಟು ಹಾಕಬೇಕೆಂದು ಮಾಡಿದವರೇ ನಿರ್ಧರಿಸಿರುತ್ತಾರೆ. ಫ್ರಾನ್ಸಿನ ಯೂಕಾ ಎಂಬ ಹೆಸರಾಂತ ಆ್ಯಪ್ ನೂರಕ್ಕೆ ಅಂಕ ಕೊಡುವಾಗ 60 ಭಾಗವನ್ನು ಪೋಷಕಾಂಶಗಳಿಗೆ, 30 ಭಾಗವನ್ನು ಸೇರಿಸಿದ ರಾಸಾಯನಿಕಗಳಿಗೆ, 10 ಭಾಗವನ್ನು ಸಾವಯವ ಪ್ರಮಾಣಪತ್ರಕ್ಕೆ ಮೀಸಲಿಡುತ್ತದೆ. ನಿಮ್ಮ ತಾಯಿಯ ರಕ್ತದ ಸಕ್ಕರೆಗೂ ಆ ಸಾವಯವ ಚೀಟಿಗೂ ಸಂಬಂಧವಿಲ್ಲ. ಫ್ರಾನ್ಸ್ ಸರ್ಕಾರ 2017ರಲ್ಲಿ ಒಪ್ಪಿಕೊಂಡ ನ್ಯೂಟ್ರಿ-ಸ್ಕೋರ್ ಪದ್ಧತಿಯೂ ಸೇರಿದಂತೆ ಇಂಥ ಬಹುಪಾಲು ಲೆಕ್ಕಗಳು 100 ಗ್ರಾಂ ಅಥವಾ 100 ಮಿ.ಲೀ. ಆಧಾರದ ಮೇಲೆ ನಡೆಯುತ್ತವೆ. ಒಂದು ಬಿಸ್ಕತ್ತನ್ನು ಇನ್ನೊಂದು ಬಿಸ್ಕತ್ತಿನ ಜೊತೆ ಹೋಲಿಸಲು ಅದು ಸರಿಯಾದ ದಾರಿ. ಆದರೆ ತುಪ್ಪವನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲ. ಬಿಸಿ ಅನ್ನದ ಮೇಲೆ ಹಾಕುವ ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು, ಇರುತ್ತದೆ. ನಮ್ಮ ಲೇಬಲ್‌ಗಳು ದಿನಕ್ಕೆ 22 ಗ್ರಾಂ ಎಂಬ ಮಿತಿಯನ್ನು ಆಧಾರವಾಗಿ ಇಟ್ಟುಕೊಂಡಿವೆ. ಕೆಂಪು ಬಣ್ಣ ಬಂದಿತೆಂದು ತುಪ್ಪದ ಡಬ್ಬಿಯನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ, ಚಮಚವನ್ನು ಎಣಿಸಿದರೆ ಸಾಕು. ಸಕ್ಕರೆ ಇಲ್ಲದ ಬಿಸ್ಕತ್ತಿನ ಹಸಿರು ಬಣ್ಣದ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಆತಂಕವಿದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮವಿದೆ. ಆ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಆಗಿದ್ದರೆ, ಹೊಟ್ಟೆಗೆ ಹೋದ ಮೇಲೆ ಅದು ಗ್ಲೂಕೋಸೇ ಆಗುತ್ತದೆ. ಹಸಿರು ಕಂಡು ಎರಡರ ಬದಲು ಆರು ಬಿಸ್ಕತ್ತು ತಿಂದರೆ ಆ ಬಣ್ಣದಿಂದ ತಾಯಿಗೆ ಕೆಡುಕೇ ಆಯಿತು.

ಇವುಗಳಿಂದ ಕೊಳ್ಳುವ ರೀತಿ ಬದಲಾಗುತ್ತದೆಯೇ ಎಂಬುದು ಚೆನ್ನಾಗಿ ಪರೀಕ್ಷೆಗೆ ಒಳಗಾಗಿರುವ ಪ್ರಶ್ನೆ. ನ್ಯೂಜಿಲೆಂಡಿನಲ್ಲಿ 1,357 ಗ್ರಾಹಕರನ್ನು ಮೂರು ಗುಂಪು ಮಾಡಿದರು. ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಂಪಿಗೆ ಸಂಚಾರ ದೀಪದ ಬಣ್ಣಗಳು, ಇನ್ನೊಂದು ಗುಂಪಿಗೆ ಆಹಾರ ಒಳ್ಳೆಯದಾದಷ್ಟೂ ಹೆಚ್ಚುವ ನಕ್ಷತ್ರಗಳು, ಮೂರನೆಯದಕ್ಕೆ ಬರೀ ಪೋಷಕಾಂಶಗಳ ಕೋಷ್ಟಕ ಕಾಣುವಂತೆ ಆ್ಯಪ್ ಕೊಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಟ್ಟು ಖರೀದಿಯ ಆರೋಗ್ಯಕರತೆಯಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಲೇಬಲ್ಲನ್ನು ಮತ್ತೆ ಮತ್ತೆ ನೋಡಿದವರ ಖರೀದಿ ಮಾತ್ರ ಉತ್ತಮವಾಗಿತ್ತು. ಅವರು ಮೊದಲಿನಿಂದಲೇ ಎಚ್ಚರದ ಜನರಾಗಿದ್ದಿರಲೂಬಹುದು. ಅದೇ ದೇಶದಲ್ಲಿ ಹೃದ್ರೋಗವಿದ್ದ 66 ಜನರಿಗೆ, ಸ್ಕ್ಯಾನ್ ಮಾಡಿದ ಪದಾರ್ಥಕ್ಕಿಂತ ಕಡಿಮೆ ಉಪ್ಪಿರುವ ಬೇರೊಂದನ್ನು ತಕ್ಷಣ ತೋರಿಸುವ ಸಾಲ್ಟ್‌ಸ್ವಿಚ್ ಆ್ಯಪನ್ನು ನಾಲ್ಕು ವಾರ ಪರೀಕ್ಷಿಸಿದಾಗ, ಅದನ್ನು ಬಳಸಿದವರ ಮನೆಗೆ ಬಂದ ಉಪ್ಪಿನಂಶ ನಿಜಕ್ಕೂ ಇಳಿಯಿತು. ಈ ಎರಡರ ಅಂತರವನ್ನು ಗಮನಿಸಿ. ಮೊದಲನೆಯದರಲ್ಲಿ ಆ್ಯಪ್ ತೀರ್ಪು ಕೊಟ್ಟು ಸುಮ್ಮನಾಯಿತು. ಎರಡನೆಯದರಲ್ಲಿ ಒಂದೇ ಕಾಯಿಲೆಯನ್ನು ಹಿಡಿದುಕೊಂಡು, ಇದರ ಬದಲು ಅದನ್ನು ತೆಗೆದುಕೊಳ್ಳಿ ಎಂದು ಕೈಗೆ ಕೊಟ್ಟಿತು.

ಆನ್‌ಲೈನ್ ಖರೀದಿಯಲ್ಲಿ ಈ ಅಂತರ ಇನ್ನೂ ಸ್ಪಷ್ಟ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಅಂತರ್ಜಾಲದ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿದ್ದ 497 ಜನರಲ್ಲಿ ಅರ್ಧದಷ್ಟು ಮಂದಿಗೆ, ಅವರು ಆರಿಸಿದ ಪದಾರ್ಥಕ್ಕಿಂತ ಕಡಿಮೆ ಸ್ಯಾಚುರೇಟೆಡ್ ಕೊಬ್ಬಿರುವುದನ್ನು ಗಣಕವೇ ಸೂಚಿಸಿತು. ಅವರು ಕೊಂಡ ಆಹಾರದಲ್ಲಿ ಆ ಕೊಬ್ಬು ಕಡಿಮೆಯಾಯಿತು. 2019ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಯೋಗಕ್ಕೆಂದೇ ಕಟ್ಟಿದ ಆನ್‌ಲೈನ್ ಅಂಗಡಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದರು: ಏನನ್ನೂ ಸೂಚಿಸದೆ, ಕಡಿಮೆ ಸ್ಯಾಚುರೇಟೆಡ್ ಕೊಬ್ಬಿನ ಪದಾರ್ಥಗಳನ್ನು ಪಟ್ಟಿಯ ಮೇಲ್ಭಾಗಕ್ಕೆ ತಂದರು. ಸಲಹೆ ಕೊಡುವುದಕ್ಕಿಂತ ಈ ಮೌನವಾದ ಬದಲಾವಣೆಯೇ ಹೆಚ್ಚು ಪರಿಣಾಮ ಬೀರಿತು. ನಾವು ಯೋಚಿಸಿ ಆರಿಸುತ್ತೇವೆಂದು ನಂಬಿರುತ್ತೇವೆ, ಆದರೆ ಬೆರಳು ಮೊದಲು ಕಂಡದ್ದನ್ನು ಒತ್ತುತ್ತದೆ.

ಮೊನ್ನೆ ನಿಮ್ಮ ಪ್ರಶ್ನೆ ಓದಿದ ಮೇಲೆ ನನ್ನ ಫೋನಿನಲ್ಲಿದ್ದ ದಿನಸಿ ಆ್ಯಪ್ ಒಂದನ್ನು ತೆರೆದು ‘ರಾಗಿ’ ಎಂದಷ್ಟೇ ಹುಡುಕಿದೆ. ಮೊದಲ ಪರದೆಯಲ್ಲಿ ಬಂದದ್ದು ರಾಗಿ ಕುಕೀಸ್, ರಾಗಿ ಚಿಪ್ಸ್, ಚಾಕೊಲೇಟ್ ರುಚಿಯ ರಾಗಿ ಮಾಲ್ಟ್. ಒಂದೊಂದರ ಕೆಳಗೂ ರಿಯಾಯಿತಿಯ ಹಳದಿ ಪಟ್ಟಿ ಇತ್ತು. ರಾಗಿ ಹಿಟ್ಟು ಸಿಗಲು ಬೆರಳಿನಿಂದ ಎರಡು ಬಾರಿ ಮೇಲಕ್ಕೆ ಸರಿಸಬೇಕಾಯಿತು, ಬಿಡಿ ರಾಗಿ ಇನ್ನೂ ಕೆಳಗಿತ್ತು. ಕುಕೀಸ್ ಪೊಟ್ಟಣದ ಹಿಂಬದಿಯ ಫೋಟೊವನ್ನು ಹಿಗ್ಗಿಸಿ ನೋಡಿದಾಗ ಮೊದಲ ಪದಾರ್ಥ ಮೈದಾ, ಎರಡನೆಯದು ಸಕ್ಕರೆ, ರಾಗಿ ನಾಲ್ಕನೆಯ ಸ್ಥಾನದಲ್ಲಿತ್ತು. ಮುದ್ದೆಗೆಂದು ರಾಗಿ ಹುಡುಕುವ ನಿಮ್ಮಂಥವರಿಗೆ ಆ ಪರದೆ ಬೇರೆಯದೇ ಊಟವನ್ನು ಬಡಿಸುತ್ತಿದೆ.

ನನ್ನ ಮುಖ್ಯ ಮಾತು ಇಲ್ಲಿದೆ. ನಮ್ಮ ತಾಯಂದಿರ ಕಾಲದಲ್ಲಿ ತಿಂಗಳ ಸಾಮಾನಿನ ಚೀಟಿ ಅಡುಗೆಮನೆಯಲ್ಲಿ ಹುಟ್ಟುತ್ತಿತ್ತು. ತೊಗರಿಬೇಳೆ ಎರಡು ಕೆ.ಜಿ., ಹುರಿಗಡಲೆ ಅರ್ಧ ಕೆ.ಜಿ. ಎಂದು ಡಬ್ಬಿಗಳನ್ನು ತೆರೆದು ನೋಡಿ ಬರೆದು ಅಂಗಡಿಗೆ ಕಳುಹಿಸಿದರೆ, ಅಂಗಡಿಯವರು ಚೀಟಿಯಲ್ಲಿದ್ದುದನ್ನು ಕಟ್ಟಿಕೊಡುತ್ತಿದ್ದರು. ಈಗ ಚೀಟಿ ಅಂಗಡಿಯ ಪರದೆಯ ಮೇಲೆಯೇ ಹುಟ್ಟುತ್ತದೆ. ಸಾಮಾನನ್ನು ನೋಡುತ್ತ ನೋಡುತ್ತ ಪಟ್ಟಿ ಬೆಳೆಯುತ್ತದೆ. ಒಂದೊಂದೇ ಪೊಟ್ಟಣವನ್ನು ಸ್ಕ್ಯಾನ್ ಮಾಡಿ ತೀರ್ಪು ಕೇಳುವುದರಿಂದ ಈ ತಿರುವುಮುರುವು ಸರಿಹೋಗುವುದಿಲ್ಲ. ತಂತ್ರಜ್ಞಾನದಿಂದ ನಿಜವಾದ ಉಪಯೋಗ ಬರಬೇಕಾದರೆ ಚೀಟಿಯನ್ನು ಮತ್ತೆ ಅಡುಗೆಮನೆಗೆ ತರಲು ಅದನ್ನು ಬಳಸಬೇಕು.

ಪರದೆಯ ಮೇಲೆ ಯಾವುದನ್ನು ಎಲ್ಲಿ, ಯಾವ ಹೆಸರಿನಲ್ಲಿ ಇಡಬೇಕೆಂಬುದು ಆರೋಗ್ಯದ ಪ್ರಶ್ನೆಯೂ ಹೌದೆಂದು ಸರ್ಕಾರಗಳು ತಡವಾಗಿಯಾದರೂ ಮನಗಂಡಿವೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ದೊಡ್ಡ ಅಂಗಡಿಗಳ ಬಾಗಿಲಲ್ಲಿ ಮತ್ತು ಬಿಲ್ಲಿನ ಕೌಂಟರಿನ ಬಳಿ ಇಡುವಂತಿಲ್ಲ. ಅವುಗಳ ಆನ್‌ಲೈನ್ ರೂಪವಾದ ಮುಖಪುಟ ಮತ್ತು ಹಣ ಪಾವತಿಯ ಪುಟಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ನಮ್ಮ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ಅಂದರೆ ಎಫ್‌ಎಸ್‌ಎಸ್‌ಎಐ, 2024ರ ಏಪ್ರಿಲ್‌ನಲ್ಲಿ ಮಾಲ್ಟ್ ಮತ್ತು ಹಾಲು ಆಧಾರಿತ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಲ್ಲಿ ತೋರಿಸಬಾರದೆಂದು ಇ-ವಾಣಿಜ್ಯ ಸಂಸ್ಥೆಗಳಿಗೆ ಸೂಚಿಸಿತು, ಏಕೆಂದರೆ ಆ ಹೆಸರಿಗೆ ನಮ್ಮ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಪೊಟ್ಟಣದ ಮುಂಭಾಗದಲ್ಲಿ ನಕ್ಷತ್ರ ಹಾಕಬೇಕೋ ಎಚ್ಚರಿಕೆಯ ಗುರುತು ಹಾಕಬೇಕೋ ಎಂಬ ವಾದ 2022ರ ಕರಡು ನಿಯಮದಿಂದ ಆರಂಭವಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಚಿಲಿ ದೇಶ 2016ರಲ್ಲೇ ತಂದ ಕಪ್ಪು ಅಷ್ಟಕೋನದಂಥ ನೇರ ಎಚ್ಚರಿಕೆಯೇ ನಮಗೆ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಕ್ಕರೆ ಹೆಚ್ಚಿದೆ ಎಂಬುದನ್ನು ಅರ್ಧ ನಕ್ಷತ್ರ ಕಡಿಮೆ ಮಾಡಿ ಹೇಳಿದರೆ ಅಕ್ಷರ ಬಾರದ ಅಜ್ಜಿಗೂ ತಿಳಿಯುವುದಿಲ್ಲ, ಓದಿದ ಮೊಮ್ಮಗನಿಗೂ ತಿಳಿಯುವುದಿಲ್ಲ.

ಈಗ ನೀವು ಮಾಡಬಹುದಾದ ಕೆಲಸಕ್ಕೆ ಬರೋಣ. ನಿಮ್ಮ ದಿನಸಿ ಆ್ಯಪ್‌ನಲ್ಲಿ ಹಳೆಯ ಆರ್ಡರ್‌ಗಳೆಲ್ಲ ಉಳಿದಿರುತ್ತವೆ. ಅಂಕ ಕೊಡುವ ಯಾವ ಆ್ಯಪ್‌ಗಿಂತಲೂ ಬೆಲೆಬಾಳುವ ಮಾಹಿತಿ ಅದು, ಏಕೆಂದರೆ ಅದರಲ್ಲಿ ಇಡೀ ಮನೆಯ ಲೆಕ್ಕವಿದೆ. ಕಳೆದ ಮೂರು ತಿಂಗಳ ಆರ್ಡರ್ ತೆರೆದು ನಾಲ್ಕೇ ವಸ್ತುಗಳನ್ನು ಕೂಡಿಸಿ: ಉಪ್ಪು, ಎಣ್ಣೆ, ಸಕ್ಕರೆ, ತರಕಾರಿ. ಉಪ್ಪಿನ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ. ಇಬ್ಬರಿಗೆ ತಿಂಗಳಿಗೆ 300 ಗ್ರಾಂ ಆಯಿತು. ಹಪ್ಪಳ, ಉಪ್ಪಿನಕಾಯಿಗಳಿಂದ ಏನೂ ಸೇರುವುದಿಲ್ಲವೆಂದು ಇಟ್ಟುಕೊಂಡರೂ ಒಂದು ಕೆ.ಜಿ. ಪೊಟ್ಟಣ ಮೂರು ತಿಂಗಳಿಗೂ ಮೀರಿ ಬರಬೇಕು. ನಿಮ್ಮ ಆರ್ಡರ್‌ನಲ್ಲಿ ಪ್ರತಿ ತಿಂಗಳೂ ಒಂದು ಪೊಟ್ಟಣ ಕಂಡುಬಂದರೆ, ತಂದೆಯವರ ಬಿಪಿಯ ಬಗ್ಗೆ ಯಾವ ಬಣ್ಣವೂ ಹೇಳದ ವಿಷಯ ನಿಮಗೆ ಗೊತ್ತಾದಂತೆ. ನಮ್ಮ ಮನೆಗಳಲ್ಲಿ ಉಪ್ಪಿನ ಬಹುಪಾಲು ಒಗ್ಗರಣೆ ಸಾರುಗಳ ಮೂಲಕವೇ ಹೋಗುವುದರಿಂದ ಈ ಲೆಕ್ಕಕ್ಕೆ ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿ ಹೆಚ್ಚು ಬೆಲೆಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 27 ಗ್ರಾಂ ಎಣ್ಣೆ ಮತ್ತು ಕೊಬ್ಬು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇದೆ. ಇಬ್ಬರಿಗೆ ತುಪ್ಪವೂ ಸೇರಿ ತಿಂಗಳಿಗೆ ಸುಮಾರು ಒಂದೂಮುಕ್ಕಾಲು ಲೀಟರ್ ಎಣ್ಣೆ, ವಾರಕ್ಕೆ ಐದೂವರೆ ಕೆ.ಜಿ.ಯಷ್ಟು ಸೊಪ್ಪು ತರಕಾರಿ. ಆರ್ಡರ್‌ನಲ್ಲಿ ಎಣ್ಣೆ ಐದು ಲೀಟರ್ ಇದ್ದು ತರಕಾರಿ ಕಡಿಮೆ ಇದ್ದರೆ ಎಲ್ಲಿ ಕೈಹಾಕಬೇಕೆಂದು ಬೇರೆ ಹೇಳಬೇಕಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಈ ಲೆಕ್ಕದಲ್ಲಿ ಕಾಣುವುದು ಆ್ಯಪ್ ಮೂಲಕ ಬಂದದ್ದು ಮಾತ್ರ. ತಂದೆಯವರು ಸಂಜೆ ನಡೆದು ಹೋಗಿ ದೇವರಾಜ ಮಾರುಕಟ್ಟೆಯಿಂದಲೋ ಹಾಪ್‌ಕಾಮ್ಸ್ ಮಳಿಗೆಯಿಂದಲೋ ತರುವ ಸೊಪ್ಪು, ಬೀನ್ಸು, ಸೀಬೆಹಣ್ಣಿಗೆ ಬಾರ್‌ಕೋಡ್ ಇಲ್ಲ. ಬೀದಿಯ ಕೊನೆಯ ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ, ಖಾರ ಬೂಂದಿ, ಸಂಡಿಗೆ, ನಿಂಬೆಕಾಯಿ ಉಪ್ಪಿನಕಾಯಿಗಳಿಗೂ ಎಷ್ಟೋ ಸಲ ಇಲ್ಲ. ಅಂದರೆ ನಮ್ಮ ಊಟದ ಅತ್ಯುತ್ತಮ ಭಾಗವೂ ಉಪ್ಪು ತುಂಬಿದ ಭಾಗವೂ ಫೋನಿನ ಕಣ್ಣಿಗೆ ಬೀಳುವುದಿಲ್ಲ. ಅವುಗಳ ವಿಷಯವನ್ನು ಅಮ್ಮನ ಹತ್ತಿರ ಕೇಳಿಯೇ ತಿಳಿಯಬೇಕು.

ಲೆಕ್ಕ ಮುಗಿದ ಮೇಲೆ, ಮುಂದಿನ ಸಲ ಊರಿಗೆ ಹೋದಾಗ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ್ಯಪ್‌ನಲ್ಲಿ ಒಂದು ಕಾಯಂ ಪಟ್ಟಿ ಮಾಡಿ ಉಳಿಸಿಡಿ. ಬಹುತೇಕ ದಿನಸಿ ಆ್ಯಪ್‌ಗಳಲ್ಲಿ ಇಂಥ ಸೌಲಭ್ಯವಿದೆ. ಇಲ್ಲದಿದ್ದರೆ ಹಳೆಯ ಒಂದು ಆರ್ಡರನ್ನೇ ತಿದ್ದಿ ಪ್ರತಿ ತಿಂಗಳು ಪುನರಾವರ್ತಿಸಬಹುದು. ನಿಮ್ಮ ಸ್ಕ್ಯಾನ್ ಆ್ಯಪ್‌ಗೆ ನಿಜವಾದ ಕೆಲಸ ಈ ಒಂದು ಗಂಟೆಯಲ್ಲಿದೆ. ಪಟ್ಟಿಗೆ ಸೇರುವ ಪ್ರತಿ ಪೊಟ್ಟಣದ ಆಹಾರವನ್ನೂ ಒಮ್ಮೆ ಮಾತ್ರ ಅದರ ಜೊತೆಯವರೊಂದಿಗೆ ಹೋಲಿಸಿ: ಅವಲಕ್ಕಿ ಮಿಕ್ಸ್ಚರನ್ನು ಇನ್ನೊಂದು ಮಿಕ್ಸ್ಚರಿನೊಂದಿಗೆ, ಸಾಂಬಾರ್ ಪುಡಿಯನ್ನು ಇನ್ನೊಂದು ಸಾಂಬಾರ್ ಪುಡಿಯೊಂದಿಗೆ. ತಂದೆಯವರಿಗಾಗಿ ಸೋಡಿಯಂ, ತಾಯಿಯವರಿಗಾಗಿ ಒಟ್ಟು ಕಾರ್ಬೋಹೈಡ್ರೇಟ್ ಮತ್ತು ಸೇರಿಸಿದ ಸಕ್ಕರೆ, ಈ ಮೂರು ಸಾಲುಗಳನ್ನಷ್ಟೇ ನೋಡಿ. ಲೇಬಲ್‌ನಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಬರುತ್ತದೆ. ಹಪ್ಪಳದ ಪೊಟ್ಟಣದ ಮೇಲೆ 100 ಗ್ರಾಂಗೆ 1,600 ಮಿ.ಗ್ರಾಂ ಎಂದಿದ್ದರೆ ಅದರಲ್ಲಿ 4 ಗ್ರಾಂ ಉಪ್ಪಿದೆ ಎಂದರ್ಥ. ‘ಪ್ರತಿ ಸರ್ವಿಂಗ್’ ಎಂಬ ಸಾಲನ್ನು ಓದುವಾಗ ಆ ಸರ್ವಿಂಗ್ ಎಷ್ಟು ಗ್ರಾಂ ಎಂಬುದನ್ನೂ ನೋಡಿ, ಏಕೆಂದರೆ ಮನೆಯಲ್ಲಿ ಬಟ್ಟಲಿಗೆ ಬೀಳುವುದು ಅದರ ಎರಡರಷ್ಟೋ ಮೂರರಷ್ಟೋ ಆಗಿರಬಹುದು.

ಪಟ್ಟಿಯಲ್ಲಿ ಏನು ಉಳಿಯಬೇಕು, ಏನು ಹೋಗಬೇಕೆಂಬ ಕೊನೆಯ ಮಾತು ಅವರದಾಗಿರಲಿ. ಬೆಂಗಳೂರಿನಲ್ಲಿ ಕುಳಿತ ಮಗಳೋ ಮಗನೋ ಫೋನಿನಲ್ಲಿ ಕೋಡುಬಳೆಯನ್ನು ತೆಗೆದುಹಾಕಿದರೆ ಅದು ಕಾಂಡಿಮೆಂಟ್ಸ್ ಅಂಗಡಿಯಿಂದ ಮರುದಿನವೇ ಬರುತ್ತದೆ, ಮತ್ತು ಆಮೇಲೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ವಾರಕ್ಕೊಮ್ಮೆ ಸಣ್ಣ ಪೊಟ್ಟಣ ಎಂದು ಒಪ್ಪಂದವಾದರೆ ಸಾಕು. ಇನ್ನು, ಅಂಕ ಕೊಡುವ ಆ್ಯಪ್‌ಗಳಲ್ಲಿ ತಂದೆ ತಾಯಿಯ ಕಾಯಿಲೆಯ ವಿವರ ತುಂಬಲು ಕೇಳಿದರೆ ತುಂಬಬೇಡಿ. ಮೇಲೆ ಹೇಳಿದ ಹೋಲಿಕೆಗೆ ಅದರ ಅಗತ್ಯವಿಲ್ಲ, ಮತ್ತು ಮನೆಗೆ ಏನು ಬರುತ್ತದೆಂಬ ಪಟ್ಟಿಯೊಂದೇ ಮನೆಯವರ ಆರೋಗ್ಯದ ಬಗ್ಗೆ ಬೇಕಾದಷ್ಟು ಹೇಳುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಅದನ್ನು ಕನ್ನಡದಲ್ಲಿ ಬರೆದು ಅಮ್ಮನ ಅಡುಗೆಮನೆಯ ಕಪಾಟಿನ ಒಳಬದಿಗೆ ಅಂಟಿಸಿ. ತಿಂಗಳ ಕೊನೆಯಲ್ಲಿ ಅವರು ಅದರ ಮುಂದೆ ನಿಂತು, ಯಾವ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಫೋನಿನಲ್ಲಿ ಹೇಳಲಿ. ನೀವು ಅಷ್ಟನ್ನೇ ಆರ್ಡರ್ ಮಾಡಿ, ‘ಇದನ್ನೂ ಕೊಳ್ಳಿ’ ಎಂಬ ಸಾಲು ಬರುವ ಮೊದಲೇ ಹಣ ಪಾವತಿಸಿ ಆ್ಯಪ್ ಮುಚ್ಚಿಬಿಡಿ. ಮೂರು ತಿಂಗಳ ನಂತರ ಉಪ್ಪು, ಎಣ್ಣೆ, ಸಕ್ಕರೆ, ತರಕಾರಿಯ ಅದೇ ನಾಲ್ಕು ಮೊತ್ತಗಳನ್ನು ಮತ್ತೆ ಕೂಡಿಸಿ, ಹಳೆಯ ಮೊತ್ತದ ಪಕ್ಕದಲ್ಲಿ ಬರೆದು, ತಂದೆಯವರ ಬಿಪಿ ಮತ್ತು ತಾಯಿಯವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ವರದಿಯ ಜೊತೆಗೆ ಆ ಹಾಳೆಯನ್ನೂ ವೈದ್ಯರಿಗೆ ತೋರಿಸಿ.